ಹೇಗೂ ಮನೇಲೇ ಇರ್ತೀಯಲ್ಲ, ಒಂದು ಕುಚ್ಚು ಹಾಕಿಕೊಡು

ಹೆಸರು, ಊರು, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದ ಇವರನ್ನು ಸುಮಾ ಅಂತ ಕರೆಯೋಣ. ವಯಸ್ಸು ನಲವತ್ತರ ಹತ್ತಿರ. ತವರು ಧಾರವಾಡದ ಕಡೆ, ಮದುವೆಯಾಗಿ ಬಂದಿದ್ದು ಮೈಸೂರಿಗೆ. ನಿದ್ದೆ ಬರಲ್ಲ, ಸಣ್ಣಪುಟ್ಟದಕ್ಕೂ ಮಗಳ ಮೇಲೆ ರೇಗಾಡ್ತೀನಿ ಅಂತ ಹೇಳಿಕೊಂಡು ಬಂದರು. ಗಂಡನಿಗೆ ಕುಡಿತ ಇಲ್ಲ, ಮನೆಗೆ ಸಾಲ ಇಲ್ಲ, ಅತ್ತೆ ಜೊತೆ ಜಗಳವೂ ಅಂಥದ್ದೇನಿಲ್ಲ. ಹಾಗಾದ್ರೆ ರಾತ್ರಿ ಎಚ್ಚರವಾದಾಗ ತಲೆಯಲ್ಲಿ ಏನು ಓಡುತ್ತೆ ಅಂತ ಕೇಳಿದೆ. ಮಂಚದ ಕೆಳಗಿರೋ ಸೀರೆ ಕವರುಗಳು ಅಂದರು.

ಶುರುವಾಗಿದ್ದು 2020ರ ಲಾಕ್‌ಡೌನ್‌ನಲ್ಲಿ. ವಿಡಿಯೊ ನೋಡಿ ಸೆರಗಿಗೆ ಕುಚ್ಚು ಹಾಕೋದು, ರೇಷ್ಮೆ ದಾರದ ಬಳೆ ಮಾಡೋದು ಕಲಿತರು. ಹಳೇ ಪ್ಲಾಸ್ಟಿಕ್ ಬಳೆಗೆ ಒಳಗಡೆ ಒಂದು ತೊಟ್ಟು ಅಂಟು ಹಾಕಿ, ಹದಿನೈದಿಪ್ಪತ್ತು ಎಳೆ ರೇಷ್ಮೆ ದಾರ ಒಟ್ಟಿಗೆ ಹಿಡಿದು, ಸಂದಿ ಬಿಡದ ಹಾಗೆ ಬಿಗಿಯಾಗಿ ಸುತ್ತಿ, ಮೇಲೆ ಕುಂದನ್ ಕೂರಿಸಿದರೆ ಸೀರೆಗೆ ಹೊಂದೋ ಬಳೆ ರೆಡಿ. ಮಡಿಕೆಯಲ್ಲಿ ಸೀಳಿದ್ದ ರೇಷ್ಮೆ ಸೀರೆಯ ಗಟ್ಟಿ ಭಾಗ ಕತ್ತರಿಸಿ ಮಗಳಿಗೆ ಲಂಗ ಹೊಲಿದರು. ಹರಿದ ಜೀನ್ಸ್ ತರಕಾರಿ ಚೀಲ ಆಯ್ತು. ಖರ್ಚು ಅಂದ್ರೆ ದಾರ, ಅಂಟು, ಒಂದಿಷ್ಟು ಮಣಿ, ಅಷ್ಟೇ. ಮನೆಯವರೆಲ್ಲ ಹೊಗಳಿದರು, ಇವರಿಗೂ ಖುಷಿ.

ಆಮೇಲೆ ನಾದಿನಿ ಒಂದು ಸೀರೆ ಕೊಟ್ಟರು. ಓರಗಿತ್ತಿ ಎರಡು ಕೊಟ್ಟರು. ಓರಗಿತ್ತಿಯ ಅಕ್ಕ, ಎದುರು ಮನೆಯವರು, ಕೊನೆಗೆ ಗಂಡನ ಆಫೀಸಿನವರ ಹೆಂಡತಿಯರದ್ದೂ ಬಂತು. ಆಷಾಢ ಮುಗಿಯೋ ಹೊತ್ತಿಗೆ ಕವರುಗಳ ರಾಶಿ, ಎಲ್ಲರಿಗೂ ವರಮಹಾಲಕ್ಷ್ಮಿ ಹಬ್ಬದೊಳಗೇ ಬೇಕು. ಎಲ್ಲರದ್ದೂ ಒಂದೇ ಮಾತು, "ಹೇಗೂ ಮನೇಲೇ ಇರ್ತೀಯಲ್ಲ, ಒಂದು ಕುಚ್ಚು ಹಾಕಿಕೊಡು." ಕೆಲವರು ದಾರವನ್ನೂ ಕೊಡಲ್ಲ.

"ಬ್ಯಾಡ ಅನ್ನಾಕ ಬಾಯೇ ಬರೂದಿಲ್ರಿ ಮೇಡಂ," ಅಂದರು ಸುಮಾ. "ಒಂದ್ ರೀಲ್ ದಾರಕ್ಕ ಏನ್ ದುಡ್ಡ ಕೇಳ್ಲಿ? ಅರ್ಧ ತಾಸಿನ ಕೆಲಸ."

ಈ ಅರ್ಧ ತಾಸು ನನಗೆ ನಂಬಿಕೆ ಬರಲಿಲ್ಲ. ಮುಂದಿನ ಸಲ ಬರೋವಾಗ ಒಂದೇ ಒಂದು ಸೀರೆಯ ಲೆಕ್ಕ ಬರೆದುಕೊಂಡು ಬನ್ನಿ ಅಂದೆ. ಬಣ್ಣ ಹೊಂದಿಸೋಕೆ ಅಂಗಡಿಗೆ ಹೋಗಿ ಬಂದ ಸಮಯ, ದಾರ ಕತ್ತರಿಸಿ ಎಳೆ ಜೋಡಿಸಿದ ಸಮಯ, ತಪ್ಪಿದ್ದನ್ನು ಬಿಚ್ಚಿ ಮತ್ತೆ ಹಾಕಿದ್ದು, ಎಲ್ಲವೂ ಅದರಲ್ಲಿ ಇರಬೇಕು. ಕ್ರೋಶಾ ಕುಚ್ಚಿನ, ಅಂದ್ರೆ ಕೊಕ್ಕೆ ಸೂಜಿಯಿಂದ ಹೆಣೆಯೋ ಕುಚ್ಚಿನ ಸೀರೆ ಅದು. ಒಟ್ಟು ಆರು ಗಂಟೆಗೂ ಹೆಚ್ಚು ಹಿಡಿದಿತ್ತು. ಆ ಪುಟ ನೋಡಿ ಅವರಿಗೇ ಆಶ್ಚರ್ಯ. ದಾರ ಅಗ್ಗ ಅಂತ ಕೆಲಸವೂ ಅಗ್ಗ ಅಂದುಕೊಂಡುಬಿಟ್ಟಿದ್ದರು. ಕೊಡೋರು ಹಾಗೆ ಅಂದುಕೊಳ್ಳೋದರಲ್ಲಿ ಆಶ್ಚರ್ಯ ಏನಿಲ್ಲ, ಮಾಡೋರೇ ಅಂದುಕೊಂಡಿದ್ದು ನನಗೆ ಮುಖ್ಯ ಅನಿಸಿತು.

ಯಾಕೆ ಅಂತ ಮಾತಾಡುತ್ತಾ ಹೋದೆವು. ಓರಗಿತ್ತಿ ಕಂಪನಿ ಕೆಲಸದಲ್ಲಿದ್ದಾರೆ, ನಾದಿನಿ ಟೀಚರ್. ಇವರು ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟವರು. ಊಟಕ್ಕೆ ಎಲ್ಲರೂ ಕೂತಾಗ ಆಫೀಸಿನ ಮಾತು, ಇನ್‌ಕ್ರಿಮೆಂಟಿನ ಮಾತು. ಆ ಮನೆಯಲ್ಲಿ "ಸುಮಾ ಎಷ್ಟು ಚೆನ್ನಾಗಿ ಮಾಡ್ತಾಳೆ" ಅನ್ನೋ ಮಾತು ಕೇಳಿಸಿದ್ದು ಕುಚ್ಚಿನಿಂದಲೇ. ಬೇಡ ಅಂದ್ರೆ ಅದೂ ಹೋಗುತ್ತೆ ಅನ್ನೋ ಭಯ. ಹಾಗಾಗಿ "ಸುಮ್ನೆ ಇಲ್ಲ ಅನ್ನಿ" ಅನ್ನೋ ಸಲಹೆ ಇವರಿಗೆ ಉಪಯೋಗಕ್ಕೆ ಬರೋದಿಲ್ಲ. ಸ್ನೇಹಿತೆಯರು ಕೊಟ್ಟ ಇನ್ನೊಂದು ಸಲಹೆ, ಇನ್‌ಸ್ಟಾಗ್ರಾಂ ಪೇಜ್ ಮಾಡು, ಬಿಸಿನೆಸ್ ಶುರು ಮಾಡು. ಕೈಯಲ್ಲಿ ಕಲೆ ಇರೋ ಪ್ರತಿ ಹೆಣ್ಣುಮಗಳಿಗೂ ಇದನ್ನೇ ಹೇಳ್ತಾರೆ, ನನಗಂತೂ ಕೇಳಿ ಕೇಳಿ ಬೇಜಾರಾಗಿದೆ. ಮಾಡೋ ಆಸೆ ಇದ್ದರೆ ಖಂಡಿತ ಮಾಡಲಿ. ಸುಮಾ ಅವರಿಗೆ ಆ ಆಸೆ ಇರಲಿಲ್ಲ.

ಮೊದಲು ಕಳಿಸಿದ್ದು ಡಾಕ್ಟರ ಹತ್ತಿರ. ರಾತ್ರಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿಯುತ್ತೆ, ಕೈ ಕೊಡವಿಕೊಂಡು ಏಳ್ತೀನಿ ಅಂದಿದ್ದರು. ಕಾರ್ಪಲ್ ಟನಲ್ ಇರಬಹುದು ಅನಿಸಿತು, ಅದೇ ಆಗಿತ್ತು. ಮಣಿಕಟ್ಟಿನಲ್ಲಿ ನರ ಒತ್ತಿಹೋಗೋ ತೊಂದರೆ ಇದು. ರಾತ್ರಿ ಹಾಕಿಕೊಳ್ಳೋಕೆ ಮಣಿಕಟ್ಟಿನ ಪಟ್ಟಿ ಕೊಟ್ಟು, ಬೆರಳಿನ ಕೆಲಸ ಕಡಿಮೆ ಮಾಡಿ ಅಂದರಂತೆ. ಕುಚ್ಚು, ಕಸೂತಿ ಮಾಡೋರು ಇದನ್ನು ಸುಸ್ತು ಅಂತ ತಳ್ಳಿಹಾಕಬೇಡಿ. ಇನ್ನು ನಿದ್ದೆ, ಬೇಸರ ತಿಂಗಳುಗಟ್ಟಲೆ ಎಳೆದರೆ, ಹತ್ತಿರ ಯಾರೂ ಸಿಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಮೇಲೆ ಮಾತುಗಳನ್ನು ಬರೆದೆವು, ಬಾಯಲ್ಲಿ ಹೇಳಿ ಅಭ್ಯಾಸ ಮಾಡಿದೆವು. ಸೀರೆ ಬಂದ ಕೂಡಲೇ ಕೈಗೆ ತಗೋಬೇಡಿ, ಮೊದಲು ಮಾತು ಅಂದೆ. "ಹಬ್ಬಕ್ಕೆ ಅಂದ್ರೆ ಈ ಸಲ ಆಗಲ್ಲ, ದಸರಾ ಹೊತ್ತಿಗೆ ಮಾಡ್ತೀನಿ." "ದಾರ, ಮಣಿ ನೀವೇ ತಂದುಕೊಡಿ, ಕ್ರೋಶಾ ಆದ್ರೆ ಇಷ್ಟಾಗುತ್ತೆ." ರೇಟು ಎಷ್ಟು ಅಂತ ಅವರೇ ಎರಡು ಅಂಗಡಿಯಲ್ಲಿ ವಿಚಾರಿಸಿ, ಅದಕ್ಕಿಂತ ಸ್ವಲ್ಪ ಕಡಿಮೆ ಇಟ್ಟರು. ಕೈ ನೋವಿನ ನೆಪ ಮಾತ್ರ ಹೇಳಬೇಡಿ ಅಂದೆ, ನೋವು ಹೋಯ್ತಾ ಅಂತ ಕೇಳಿಕೊಂಡು ಅದೇ ಕವರು ವಾಪಸ್ ಬರುತ್ತೆ. ಈಗಾಗಲೇ ಒಪ್ಪಿಕೊಂಡ ಸೀರೆಗಳಿಗೆ ರೇಟು ಬೇಡ. ಅವನ್ನು ಮುಗಿಸಿ ಕೊಡಲಿ, ಆಗಲ್ಲ ಅಂತಿದ್ದರೆ ಹಾಗೇ ವಾಪಸ್ ಕೊಡಲಿ. ಅತ್ತೆಗೆ, ಓರಗಿತ್ತಿಯ ಮಗಳಿಗೆ ಪ್ರೀತಿಯಿಂದ ಮಾಡ್ತೀನಿ ಅಂದರು. ಮಾಡಿ, ಅದು ನಿಮ್ಮ ಇಷ್ಟ.

ಅತ್ತೆ ಏನಂತಾರೋ ಅನ್ನೋ ಹೆದರಿಕೆ ಇತ್ತು. "ಮನೆಯವರ ಹತ್ರ ಯಾರಾದ್ರೂ ದುಡ್ಡು ತಗೋತಾರಾ" ಅಂತ ಅಂದೇ ಅಂದರಂತೆ. ಆಗ ಸುಮಾ ತಮ್ಮೂರಿನ ಕೌದಿಯ ವಿಷಯ ತೆಗೆದರು. ಹಳೇ ಸೀರೆಗಳನ್ನು ಪದರ ಪದರ ಇಟ್ಟು ಕೌದಿ ಹೊಲಿಯೋ ಹೆಂಗಸರು ಇವರ ಅಜ್ಜಿಯ ಮನೆ ಬಾಗಿಲಿಗೇ ಬರ್ತಿದ್ದರು. ಬಟ್ಟೆ ಮನೆಯದ್ದು, ದುಡಿಮೆ ಅವರದ್ದು, ಅಜ್ಜಿ ಕೂಲಿ ಕೊಡದೆ ಕಳಿಸ್ತಿರಲಿಲ್ಲ. ಅತ್ತೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಈ ಮಾತು ನಾನು ಹೇಳಿಕೊಟ್ಟದ್ದಲ್ಲ, ನನಗೆ ಹೊಳೆಯುತ್ತಲೂ ಇರಲಿಲ್ಲ.

ಇನ್ನೊಂದು ಕೆಲಸ ಕೊಟ್ಟಿದ್ದೆ. ಕೈ ಸುಧಾರಿಸಿದ ಮೇಲೆ ಯಾರಿಗೂ ಕೊಡದ, ಫೋಟೊ ತೆಗೆದು ಎಲ್ಲೂ ಹಾಕದ ಏನಾದ್ರೂ ಒಂದು ಮಾಡಿ, ಅದೂ ದಿನಕ್ಕೆ ಇಪ್ಪತ್ತೇ ನಿಮಿಷ. ಅವರು ಅಜ್ಜಿಯ ಇಳಕಲ್ ಸೀರೆ ಹೊರಗೆ ತೆಗೆದರು. ಒಡಲು ನಡುವೆ ಹರಿದಿತ್ತು, ಕೆಂಪು ಸೆರಗು ಗಟ್ಟಿಯಾಗಿತ್ತು. ಒಡಲಿನ ಬಟ್ಟೆಯಲ್ಲಿ ದಿಂಬಿನ ಕವರು, ಸೆರಗನ್ನು ಹಾಗೇ ಇಟ್ಟು ದುಪಟ್ಟಾ. ದಿಂಬಿನ ಕವರಿಗೆ ಕಸೂತಿ, ಅಂದ್ರೆ ಬಟ್ಟೆಯ ಎಳೆ ಎಣಿಸಿ ಹಾಕೋ ಹೊಲಿಗೆ. ಎಣಿಸಲು ಬಾರದಷ್ಟು ಒತ್ತಾದ ನೇಯ್ಗೆ ಇದ್ದರೆ ಮೇಲೆ ಜಾಳಾದ ಕ್ಯಾನ್ವಾಸ್ ಬಟ್ಟೆಯನ್ನು ಸಡಿಲವಾಗಿ ಹೊಲಿದು, ಅದರ ಮೇಲೆಯೇ ಎಣಿಸಿ ಹಾಕಿ, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದುಬಿಡಬೇಕು. ಹೊಸಬರಿಗೆ ಎಳೆ ಸ್ಪಷ್ಟವಾಗಿ ಕಾಣೋ ಮ್ಯಾಟಿ ಬಟ್ಟೆಯೇ ಸುಲಭ. ಕಸೂತಿಯಲ್ಲಿ ಬರೋ ಗವಂತಿ ಹೊಲಿಗೆಗೆ ಗಂಟು ಹಾಕೋ ಹಾಗಿಲ್ಲ, ಹೋದ ದಾರಿಯಲ್ಲೇ ವಾಪಸ್ ಬಂದು ಖಾಲಿ ಬಿಟ್ಟದ್ದನ್ನು ತುಂಬಬೇಕು, ಎರಡೂ ಕಡೆ ಒಂದೇ ಥರ ಕಾಣಬೇಕು. ಎಣಿಕೆ ತಪ್ಪಿದರೆ ಬಿಚ್ಚಲೇಬೇಕು, ಬೇರೆ ಯೋಚನೆಗೆ ಜಾಗ ಸಿಗಲ್ಲ. ಇದನ್ನೆಲ್ಲ ಹೇಳುವಾಗ ಅವರ ದನಿಯೇ ಬೇರೆ ಆಗಿತ್ತು.

ನಾದಿನಿ ರೇಟು ಕೇಳಿ ಮುಖ ಊದಿಸಿಕೊಂಡು ಸೀರೆಯನ್ನು ಅಂಗಡಿಗೆ ಕೊಟ್ಟರು, ಈಗ ಫೋನ್ ಕಡಿಮೆಯಾಗಿದೆ. ಓರಗಿತ್ತಿ ಮಾತಾಡದೆ ದುಡ್ಡು ಕಳಿಸಿದರು. ಎದುರು ಮನೆಯವರು ತಾವೇ ಕಲೀತೀವಿ ಅಂತ ಬಂದು ಕೂತರು. ನಿದ್ದೆ ಸ್ವಲ್ಪ ಪರವಾಗಿಲ್ಲ.

ಉಳಿದಿರೋದು ಗಂಡ. ಪಾಪ, ಹೆಂಡತಿಯ ಕೆಲಸದ ಬಗ್ಗೆ ಅವರಿಗೆ ಹೆಮ್ಮೆ ಜಾಸ್ತಿ. ಅದಕ್ಕೇ ಆಫೀಸಿನಲ್ಲಿ "ನಮ್ಮ ಮನೆಯವಳು ಹಾಕಿಕೊಡ್ತಾಳೆ ಬಿಡಿ" ಅಂತ ತಾವೇ ಸೀರೆ ಇಸ್ಕೊಂಡು ಬರ್ತಾರೆ. ಸುಮಾ ಕಲಿತ ಮಾತುಗಳು ಯಾವುವೂ ಅಲ್ಲಿಗೆ ತಲುಪಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ, ಆರು ಗಂಟೆಯ ಲೆಕ್ಕ ಬರೆದ ಆ ಪುಸ್ತಕವನ್ನೂ ತನ್ನಿ ಅಂದಿದ್ದೇನೆ.