ದೂರದರ್ಶಕವನ್ನು ಆರಿಸಿದ ನಕ್ಷತ್ರದ ಕಡೆಗೆ ತಾನೇ ತಿರುಗಿಸುವ ಗೋಟು ಮೌಂಟ್ ಒಮ್ಮೆ ಸರಿಯಾಗಿ, ಒಮ್ಮೆ ತಪ್ಪು ದಿಕ್ಕಿಗೆ ತಿರುಗುತ್ತಿದೆ. ಹ್ಯಾಂಡ್ ಕಂಟ್ರೋಲರ್ ಬದಲಿಸಲೇ, ಫೋನಿನಿಂದ ನಡೆಸಲು ವೈಫೈ ಡಾಂಗಲ್ ಕೊಳ್ಳಲೇ?

ಎರಡೂ ಬೇಡ. "ಹೋದ ತಿಂಗಳ ಕೊನೆಯಲ್ಲಿ ಚೆನ್ನಾಗಿತ್ತು, ಈ ತಿಂಗಳು 4ನೇ ತಾರೀಖು ಎಲ್ಲೆಲ್ಲಿಗೋ ಹೋಯಿತು" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿದಾಗಲೇ ನನ್ನ ಫೆಬ್ರವರಿ 5ರ ರಾತ್ರಿ ಕಣ್ಣಮುಂದೆ ಬಂತು.

ನನ್ನದೂ ನಿಮ್ಮ ಹಾಗೆಯೇ ಸಿನ್‌ಸ್ಕ್ಯಾನ್ ಕಂಟ್ರೋಲರ್ ಇರುವ ಇಕ್ವಟೋರಿಯಲ್ ಮೌಂಟ್, ಅಂದರೆ ಒಂದು ಅಕ್ಷ ಧ್ರುವದ ಕಡೆಗೆ ಇರುವ ಮೌಂಟ್. ಬೆಂಗಳೂರಿನ ಮನೆ ಮಹಡಿ, ರಾತ್ರಿ 8 ಗಂಟೆ. ತಾರೀಖು ಕೇಳಿದಾಗ ನಾವು ಚೆಕ್ಕಿನ ಮೇಲೆ ಬರೆಯುವ ಹಾಗೆ 05/02 ಒತ್ತಿದೆ. ಅದು ಕೇಳುವುದು ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ಅದರ ಲೆಕ್ಕಕ್ಕೆ ಅವತ್ತು ಮೇ 2. 15ನೇ ತಾರೀಖಾಗಿದ್ದರೆ 15ನೇ ತಿಂಗಳು ಇಲ್ಲವಲ್ಲ, ಒಪ್ಪುತ್ತಿರಲಿಲ್ಲ. ನಾನೂ ಪರದೆ ನೋಡಿ ತಿದ್ದಿಕೊಳ್ಳುತ್ತಿದ್ದೆ. 1ರಿಂದ 12ರವರೆಗೆ ಮಾತ್ರ ಈ ತಪ್ಪು ಸದ್ದಿಲ್ಲದೆ ಒಳಗೆ ಹೋಗುತ್ತದೆ. ನಿಮ್ಮ "ತಿಂಗಳ ಕೊನೆಯಲ್ಲಿ ಸರಿ, ಮೊದಲಲ್ಲಿ ತಪ್ಪು" ಇದೇ ಇರಬೇಕು. ಬಹುಶಃ 5/5, 6/6ರಂದೂ ನಿಮ್ಮ ಮೌಂಟ್ ಸರಿಯಾಗಿಯೇ ನಡೆದಿರುತ್ತದೆ.

ಫೆಬ್ರವರಿ 5ಕ್ಕೂ ಮೇ 2ಕ್ಕೂ 86 ದಿನ. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತವೆ, ಅಂದರೆ 86 ದಿನಕ್ಕೆ ಸುಮಾರು 5 ಗಂಟೆ 40 ನಿಮಿಷ. ಆಕಾಶದಲ್ಲಿ ಅದು 85 ಡಿಗ್ರಿ. ಅಲೈನ್‌ಮೆಂಟ್‌ಗೆ, ಅಂದರೆ ಒಂದೆರಡು ನಕ್ಷತ್ರ ತೋರಿಸಿ ಕಂಟ್ರೋಲರ್‌ಗೆ ಆಕಾಶದ ಗುರುತು ಹಿಡಿಸುವುದಕ್ಕೆ, ಲುಬ್ಧಕವನ್ನು ಆರಿಸಿದೆ, ಪಟ್ಟಿಯಲ್ಲಿ ಸಿರಿಯಸ್ ಅಂತಿರುತ್ತದೆ. ಲುಬ್ಧಕ ಆಗ್ನೇಯದಲ್ಲಿ ಹೊಳೆಯುತ್ತಿದೆ, ದೂರದರ್ಶಕದ ಟ್ಯೂಬ್ ಪಶ್ಚಿಮಕ್ಕೆ ಹೋಗಿ ನಿಂತಿತು. ಅದೇ ಪಟ್ಟಿಯಲ್ಲಿ ಆರ್ಕ್ಟುರಸ್ (ನಮ್ಮ ಸ್ವಾತಿ), ಸ್ಪೈಕಾ (ಚಿತ್ತೆ) ಕೂಡ ಇದ್ದವು. ಫೆಬ್ರವರಿ ಮೊದಲ ವಾರದಲ್ಲಿ ಸಂಜೆ ಎಂಟಕ್ಕೆ ಸ್ವಾತಿಯೂ ಚಿತ್ತೆಯೂ ಹುಟ್ಟಿರುವುದೇ ಇಲ್ಲ. ಅಲ್ಲೇ ಗೊತ್ತಾಗಬೇಕಿತ್ತು.

ಇಷ್ಟಾದರೂ ಇನ್ನೂ ಏನೂ ಕೆಟ್ಟಿರಲಿಲ್ಲ. ನನಗೆ ದುಬಾರಿಯಾದದ್ದು ಮುಂದಿನ ಹೆಜ್ಜೆ. ಎಸ್ಕೇಪ್ ಒತ್ತಿ ಹೊರಗೆ ಬರುವುದು ಬಿಟ್ಟು, ರೇಟ್ 9ಕ್ಕೆ, ಅಂದರೆ ಅತಿ ಹೆಚ್ಚಿನ ವೇಗಕ್ಕೆ ಇಟ್ಟು ಬಾಣದ ಗುಂಡಿ ಒತ್ತಿ ಹಿಡಿದು ಟ್ಯೂಬನ್ನು ಪಶ್ಚಿಮದಿಂದ ಲುಬ್ಧಕದ ಕಡೆಗೆ ಎಳೆದೆ. ಇದು ಯಾಕೆ ಅಪಾಯ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಈ ಮೌಂಟ್ ಪಶ್ಚಿಮ ನೋಡುವಾಗ ಟ್ಯೂಬ್ ಪೂರ್ವದ ಪಕ್ಕದಲ್ಲಿ, ಕೌಂಟರ್‌ವೇಟ್ (ಟ್ಯೂಬಿನ ಭಾರ ಸರಿದೂಗಿಸಲು ರಾಡಿಗೆ ಹಾಕುವ ತೂಕ) ಪಶ್ಚಿಮದ ಪಕ್ಕದಲ್ಲಿ ಇರುತ್ತದೆ. ಪೂರ್ವ ನೋಡುವಾಗ ಇದು ತಿರುವು ಮುರುವು. ಗೋಟು ಕೊಟ್ಟರೆ ಕಂಟ್ರೋಲರ್ ಎರಡೂ ಅಕ್ಷ ತಿರುಗಿಸಿ ಪಕ್ಕ ಬದಲಾಯಿಸುತ್ತದೆ. ಬಾಣದ ಗುಂಡಿ ಹಾಗೆ ಮಾಡುವುದಿಲ್ಲ, ಒತ್ತಿದ ಅಕ್ಷವನ್ನಷ್ಟೇ ತಿರುಗಿಸುತ್ತಾ ಹೋಗುತ್ತದೆ. ಮೆರಿಡಿಯನ್, ಅಂದರೆ ಉತ್ತರದಿಂದ ನೆತ್ತಿಯ ಮೇಲೆ ಹಾದು ದಕ್ಷಿಣಕ್ಕಿಳಿಯುವ ಗೆರೆ, ಅಲ್ಲಿಗೆ ಬಂದಾಗ ಕೌಂಟರ್‌ವೇಟ್ ರಾಡ್ ನೆಲಕ್ಕೆ ಸಮವಾಗಿತ್ತು. ಲುಬ್ಧಕ ಆಗ ಮೆರಿಡಿಯನ್ನಿಗಿಂತ ಎರಡು ಗಂಟೆ ಹಿಂದೆ, ಪೂರ್ವಕ್ಕಿತ್ತು. ಅಂದರೆ ರಾಡ್ ಇನ್ನೂ 30 ಡಿಗ್ರಿ ಮೇಲೇರಬೇಕು, ಟ್ಯೂಬ್ ಅಷ್ಟೇ ಕೆಳಗಿಳಿಯಬೇಕು. ಇಳಿಯಿತು. ಟ್ಯೂಬಿನ ಹಿಂತುದಿ ಟ್ರೈಪಾಡ್ ಕಾಲಿಗೆ ಬಡಿಯಿತು. ಮೋಟರ್‌ಗೆ ಅಡ್ಡ ಸಿಕ್ಕಿದ್ದು ಗೊತ್ತಾಗುವುದಿಲ್ಲ. ಅದು ಗರಗರ ಎನ್ನುತ್ತಾ ಹೆಜ್ಜೆ ತಪ್ಪುತ್ತದೆ, ಕಂಟ್ರೋಲರ್ ಮಾತ್ರ ತಿರುಗಿದೆ ಅಂತಲೇ ಎಣಿಸುತ್ತದೆ. ಅಷ್ಟರಲ್ಲಿ ಡಿಕ್ಲಿನೇಷನ್ ಮೋಟರಿನ, ಅಂದರೆ ಎರಡನೇ ಅಕ್ಷ ತಿರುಗಿಸುವ ಮೋಟರಿನ ಕೇಬಲ್ ಬಿಗಿದು ಪ್ಲಗ್ ಕಿತ್ತುಬಂತು. ಹೊಸ ಕೇಬಲ್ ಬರಲು ಮೂರು ವಾರ ಹಿಡಿಯಿತು, ಆ ಚಳಿಗಾಲದ ಒಳ್ಳೆಯ ಆಕಾಶವೆಲ್ಲ ಅದರಲ್ಲೇ ಕಳೆಯಿತು.

ಆದ್ದರಿಂದ ಅಲೈನ್‌ಮೆಂಟ್‌ನ ಮೊದಲ ನಕ್ಷತ್ರ ಹತ್ತು ಡಿಗ್ರಿಗಿಂತ ದೂರ ತಪ್ಪಿದರೆ ಗುಂಡಿಯಿಂದ ಎಳೆದು ಸರಿಮಾಡಬೇಡಿ. ಎಸ್ಕೇಪ್ ಒತ್ತಿ, ಹೋಮ್ ಸ್ಥಿತಿಗೆ, ಅಂದರೆ ಶುರುವಿನ ಸ್ಥಿತಿಗೆ ತನ್ನಿ, ಪವರ್ ಆಫ್ ಮಾಡಿ ಮೊದಲಿಂದ ಶುರು ಮಾಡಿ. ಕೌಂಟರ್‌ವೇಟ್ ರಾಡ್ ನೆಲಕ್ಕೆ ಸಮವಾದ ಸ್ಥಿತಿ ದಾಟಿ ಮೇಲೆ ಏಳುತ್ತಿದ್ದರೆ ಆ ಕ್ಷಣವೇ ಗುಂಡಿಯಿಂದ ಕೈ ತೆಗೆಯಿರಿ.

ಈಗ ನೀವು ತುಂಬಬೇಕಾದ ಅಂಕಿಗಳು. ತುಮಕೂರು ಅಂದಿದ್ದೀರಿ. ಮೊಬೈಲ್ ಮ್ಯಾಪ್ 13.34, 77.10 ಅಂತ ತೋರಿಸುತ್ತದೆ. ಕಂಟ್ರೋಲರ್‌ಗೆ ಬೇಕಾದದ್ದು ಡಿಗ್ರಿ ಮತ್ತು ಮಿನಿಟ್. ದಶಮಾಂಶದ ಭಾಗವನ್ನು 60ರಿಂದ ಗುಣಿಸಿ: ರೇಖಾಂಶ 77 ಡಿಗ್ರಿ 06 ಮಿನಿಟ್ ಪೂರ್ವ, ಅಕ್ಷಾಂಶ 13 ಡಿಗ್ರಿ 20 ಮಿನಿಟ್ ಉತ್ತರ. ಸಿನ್‌ಸ್ಕ್ಯಾನ್ ರೇಖಾಂಶವನ್ನೇ ಮೊದಲು ಕೇಳುತ್ತದೆ. ಗುಣಿಸದೆ 13.34ನ್ನು 13 ಡಿಗ್ರಿ 34 ಮಿನಿಟ್ ಅಂತ ಹಾಕಿದರೂ ಕಾಲು ಡಿಗ್ರಿಯ ಮಾತು, ತಲೆ ಕೆಡಿಸಿಕೊಳ್ಳಬೇಡಿ. ಟೈಮ್ ಝೋನ್ +05:30; ಬರೀ 5 ಹಾಕಿದರೆ ಏಳೂವರೆ ಡಿಗ್ರಿ ತಪ್ಪುತ್ತದೆ. ಸಮಯ 24 ಗಂಟೆ ಲೆಕ್ಕದಲ್ಲಿ. ಡೇಲೈಟ್ ಸೇವಿಂಗ್‌ಗೆ ಯಾವಾಗಲೂ ನೋ. ಯೆಸ್ ಅಂದರೆ 15 ಡಿಗ್ರಿ ಹೋಯಿತು.

ಅಲೈನ್‌ಮೆಂಟ್ ಶುರು ಮಾಡಲೇ ಅಂತ ಕೇಳಿದಾಗ ಮೊದಲು ಬೇಡ ಅನ್ನಿ. ಯುಟಿಲಿಟಿ ಮೆನುವಿನಲ್ಲಿ ಸಮಯ ತೋರಿಸುವ ಕಡೆ ನಾಕ್ಷತ್ರಿಕ ಕಾಲವೂ, ಅಂದರೆ ನಕ್ಷತ್ರಗಳ ತಿರುಗಾಟದಿಂದ ಎಣಿಸುವ ಸಮಯವೂ ಬರುತ್ತದೆ, ಎಲ್‌ಎಸ್‌ಟಿ ಅಂತ. ನಮ್ಮ ಕಡೆ ಮಾರ್ಚ್ 21ರ ರಾತ್ರಿ 8ಕ್ಕೆ ಅದು ಸುಮಾರು 7 ಗಂಟೆ 30 ನಿಮಿಷ ಇರಬೇಕು. ತಿಂಗಳಿಗೆ ಎರಡು ಗಂಟೆ ಕೂಡಿಸಿ, 24 ದಾಟಿದರೆ 24 ಕಳೆಯಿರಿ. ನನಗೆ ಅವತ್ತು 4:40 ಬರಬೇಕಿತ್ತು, ನೋಡಿದ್ದರೆ 10:20 ಕಾಣುತ್ತಿತ್ತು. ಇಡೀ ಕೆಲಸದಲ್ಲಿ ಇಷ್ಟು ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ, ಹತ್ತು ಸೆಕೆಂಡು ಸಾಕು.

ಹೋಮ್ ಸ್ಥಿತಿ ಅಂದರೆ ರಾಡ್ ನೇರ ಕೆಳಗೆ, ಟ್ಯೂಬ್ ಧ್ರುವ ನಕ್ಷತ್ರದ ಕಡೆ. ನಮ್ಮಲ್ಲಿ ಧ್ರುವ ಬರೀ 13 ಡಿಗ್ರಿ ಎತ್ತರದಲ್ಲಿರುವುದರಿಂದ ಮೌಂಟ್ ತುಂಬ ಮುಂದಕ್ಕೆ ಬಾಗಿ, ಕೌಂಟರ್‌ವೇಟ್ ಉತ್ತರದ ಕಾಲಿಗೆ ತಾಗಬಹುದು. ತೂಕವನ್ನು ರಾಡಿನಲ್ಲಿ ಸ್ವಲ್ಪ ಮೇಲಕ್ಕೆ ಸರಿಸಿ, ಬ್ಯಾಲೆನ್ಸ್ ಮತ್ತೆ ನೋಡಿ.

ಎರಡು ನಕ್ಷತ್ರದ ಅಲೈನ್‌ಮೆಂಟ್ ಮಾಡಿ, ಎರಡೂ ಮೆರಿಡಿಯನ್ನಿನ ಒಂದೇ ಪಕ್ಕದಲ್ಲಿರಲಿ. ನಡುವಿಗೆ ತರುವಾಗ ಕೊನೆಯ ಒತ್ತು ಮೇಲಿನ ಬಾಣ ಮತ್ತು ಬಲ ಬಾಣದಿಂದಲೇ ಆಗಬೇಕು. ದಾಟಿ ಹೋದರೆ ಹಿಂದೆ ಬಂದು ಮತ್ತೆ ಅದೇ ಎರಡು ಗುಂಡಿಯಿಂದ ಹತ್ತಿರ ತನ್ನಿ, ಇಲ್ಲದಿದ್ದರೆ ಗೇರಿನ ಸಡಿಲ ಲೆಕ್ಕದೊಳಗೆ ಸೇರುತ್ತದೆ.

ಬ್ಯಾಟರಿ ಅನುಮಾನವೂ ಬರೆದಿದ್ದೀರಿ. ಪವರ್ ಕಡಿಮೆಯಾದರೆ ಪರದೆ ಮಂಕಾಗುತ್ತದೆ, ತಿರುಗುವಾಗ ತಡವರಿಸುತ್ತದೆ, ಇಲ್ಲವೇ ಕಂಟ್ರೋಲರ್ ಮತ್ತೆ ಮೊದಲಿನಿಂದ ಆನ್ ಆಗುತ್ತದೆ. ನಿಮ್ಮದು ನುಣ್ಣಗೆ ತಿರುಗಿ ತಪ್ಪು ಜಾಗದಲ್ಲಿ ನಿಲ್ಲುತ್ತಿದೆ, ಅದು ಪವರ್ ಅಲ್ಲ. 12 ವೋಲ್ಟ್, 2 ಆಂಪಿಯರ್ ಕೊಡುವ ಬ್ಯಾಟರಿ ಸಾಕು.

ಡಾಂಗಲ್ ಕೊಂಡರೆ ತಾರೀಖನ್ನು ಫೋನೇ ಕೊಡುತ್ತದೆ, ನಿಜ. ಆದರೆ ಹೋಮ್ ಸ್ಥಿತಿ ತಪ್ಪಿಟ್ಟಿದ್ದೀರಿ ಅನ್ನುವುದು ಫೋನಿಗೂ ಗೊತ್ತಾಗುವುದಿಲ್ಲ, ಟ್ಯೂಬ್ ಮತ್ತೆ ಕಾಲಿಗೇ ಬಡಿಯಬಹುದು. ಬರುವ ತಿಂಗಳ 12ರೊಳಗೆ ಒಂದು ರಾತ್ರಿ ಎಲ್‌ಎಸ್‌ಟಿ ನೋಡಿ, ಬಂದ ಅಂಕಿಯನ್ನು ತಾರೀಖು, ಸಮಯದ ಜೊತೆ ಇಲ್ಲಿ ಬರೆಯಿರಿ. ಆಮೇಲೂ ತಪ್ಪು ದಿಕ್ಕಿಗೇ ಹೋದರೆ ಕಂಟ್ರೋಲರ್ ಬಗ್ಗೆ ಮಾತಾಡೋಣ.