ಬಲೆ ಬಿಡುವುದಕ್ಕೂ ಪಾಪ ಕ್ಷಮಿಸುವುದಕ್ಕೂ ಗ್ರೀಕಿನಲ್ಲಿ ಒಂದೇ ಪದ ಯಾಕೆ?

ಮಾರ್ಕ 1:18ರಲ್ಲಿ ಮೀನುಗಾರರಾದ ಸೀಮೋನ, ಅಂದ್ರೆಯ ಬಲೆ ಬಿಟ್ಟು ಯೇಸುವಿನ ಹಿಂದೆ ಹೋಗುತ್ತಾರೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ (ಮತ್ತಾಯ 6:12) 'ನಮ್ಮ ತಪ್ಪುಗಳನ್ನು ಕ್ಷಮಿಸು' ಅಂತ ಬೇಡಿಕೊಳ್ಳುತ್ತೇವೆ. ಎರಡೂ ಕಡೆ 'ಅಫಿಯೇಮಿ' ಅನ್ನುವ ಒಂದೇ ಗ್ರೀಕ್ ಕ್ರಿಯಾಪದ ಹೇಗೆ ಅಂತ ಕೇಳಿದ್ದೀರಿ.

ಕನ್ನಡದವರಾದ ನಮಗೆ ಇದು ಸುಲಭ. 'ಬಿಡು' ಅಂತ ಇಟ್ಟುಕೊಂಡು ಓದಿ ನೋಡಿ. ಹೊಸ ಒಡಂಬಡಿಕೆಯಲ್ಲಿ ಈ ಪದ 140ಕ್ಕೂ ಜಾಸ್ತಿ ಸಲ ಬರುತ್ತದೆ. ಸೀಮೋನನ ಅತ್ತೆಗೆ ಜ್ವರ ಬಿಟ್ಟಿತು (ಮಾರ್ಕ 1:31). ಮಕ್ಕಳನ್ನು ಬರಲು ಬಿಡಿ (ಮಾರ್ಕ 10:14). ಶಿಲುಬೆಯ ಮೇಲೆ ಯೇಸು ಪ್ರಾಣ ಬಿಟ್ಟದ್ದೂ (ಮತ್ತಾಯ 27:50), ಹೆಂಡತಿಯನ್ನು ಬಿಡಬಾರದು ಅಂತ ಪೌಲ ಹೇಳಿದ್ದೂ (1 ಕೊರಿಂಥ 7:12) ಇದೇ ಪದದಲ್ಲಿ. ಎಷ್ಟು ಸಲೀಸಾಗಿ ಕೂರುತ್ತದೆ, ಅಲ್ವಾ?

ಕ್ಷಮೆಗೆ ಬಂದರೆ, ಅದರ ದಾರಿ ಸಾಲದ ಲೆಕ್ಕದಿಂದ ಬಂದದ್ದು. ಕ್ರಿ.ಪೂ. 196ರ ಈಜಿಪ್ಟಿನ ಶಾಸನವಾದ ರೊಸೆಟ್ಟಾ ಕಲ್ಲಿನ ಗ್ರೀಕ್ ಬರಹದಲ್ಲಿ, ಅಲ್ಲಿನ ರಾಜ ಐದನೇ ಟಾಲೆಮಿ ಕೆಲವು ತೆರಿಗೆಗಳನ್ನು ಪೂರ್ತಿ ಬಿಟ್ಟ ಅನ್ನುವುದಕ್ಕೆ ಇದೇ ಕ್ರಿಯಾಪದವಿದೆ. ಮತ್ತಾಯ 6:12ರ ಗ್ರೀಕಿನಲ್ಲೂ 'ತಪ್ಪುಗಳು' ಅಂತ ಇಲ್ಲ, 'ಸಾಲಗಳು' ಅಂತಲೇ ಇದೆ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ ಬಳಕೆಯಲ್ಲಿತ್ತು. ಹತ್ತು ಸಾವಿರ ತಲಾಂತಿನ (ಅಂದರೆ ತೀರಿಸಲಾಗದಷ್ಟು ದೊಡ್ಡ ಮೊತ್ತದ) ಸಾಲಗಾರನ ಸಾಮ್ಯ, ಅಂದರೆ ದೃಷ್ಟಾಂತ ಕಥೆ (ಮತ್ತಾಯ 18), ಕ್ಷಮೆಯ ಬಗ್ಗೆ ಪೇತ್ರ ಕೇಳಿದ ಪ್ರಶ್ನೆಗೆ ಉತ್ತರವಾಗಿ ಬರುವುದೂ ಸುಮ್ನೆ ಅಲ್ಲ. ಅಲ್ಲಿ ಒಡೆಯ ಸಾಲ 'ಬಿಟ್ಟ' ಅನ್ನುವುದೂ ಅಫಿಯೇಮಿಯೇ.

ವ್ಯಾಕರಣದಲ್ಲಿ ಒಂದು ಸಂಗತಿ ನನಗೆ ತುಂಬ ಮುಖ್ಯ ಅನಿಸುತ್ತದೆ. ನಾವು 'ಅವನನ್ನು ಕ್ಷಮಿಸು' ಅನ್ನುತ್ತೇವೆ. ಗ್ರೀಕಿನಲ್ಲಿ ಬಿಡುವುದು ಸಾಲವನ್ನು, ಮನುಷ್ಯನನ್ನಲ್ಲ. ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿ ಬರುತ್ತಾನೆ: 'ನಮಗೆ ನಮ್ಮ ಸಾಲ ಬಿಡು'. 'ಅವನಿಗೆ ಬಡ್ಡಿ ಬಿಟ್ಟೆ' ಅನ್ನುವ ಹಾಗೆಯೇ. ಸಾಲ ಕೊಟ್ಟವನಿಗೆ ಅಷ್ಟು ನಷ್ಟ ಆಯಿತು, ಆದರೂ ಬಿಟ್ಟ. 'ಕ್ಷಮಿಸು' ಅಂದಾಗ ಸಹನೆ ಕಾಣುತ್ತದೆ, ಈ ನಷ್ಟ ಅಷ್ಟಾಗಿ ಕಾಣುವುದಿಲ್ಲ. ಅದಕ್ಕೇ ಆ ಪ್ರಾರ್ಥನೆಯನ್ನು ಒಮ್ಮೆಯಾದರೂ 'ಸಾಲ ಬಿಡು' ಅಂತ ಓದಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಎಲ್ಲ ಅರ್ಥವನ್ನೂ ಒಂದೇ ವಚನಕ್ಕೆ ತುಂಬಬೇಡಿ. ಮೀನುಗಾರರು ಬಲೆಯನ್ನು ಕ್ಷಮಿಸಲಿಲ್ಲ. ಮತ್ತಾಯ 23:23ರಲ್ಲಂತೂ ನ್ಯಾಯ, ಕರುಣೆ, ನಂಬಿಕೆಗಳನ್ನು ಬಿಟ್ಟುಬಿಟ್ಟಿರಿ ಅಂತ ಯೇಸು ಬೈಯುವುದಕ್ಕೆ ಈ ಪದ ಬಂದಿದೆ. ಯಾರು, ಏನನ್ನು ಬಿಟ್ಟರು ಅಂತ ಮೊದಲು ನೋಡಿ.