ಹಂಗು ಬೇರೆ, ಕೃತಜ್ಞತೆ ಬೇರೆ

ಪ್ರಶ್ನೆ: ನನಗೆ 22 ವರ್ಷ. ಸಾಗರದ ಹತ್ತಿರದ ಹಳ್ಳಿಯವಳು. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುತ್ತಿದ್ದೇನೆ. ಅಪ್ಪ ಅಮ್ಮ ಸಾಲ ಮಾಡಿ ಓದಿಸಿದರು. ಎಲ್ಲ ಇದ್ದರೂ ಯಾಕೋ ಸಮಾಧಾನ ಇಲ್ಲ. ಹಾಗಂದರೆ ಅಮ್ಮ, "ಇಷ್ಟೆಲ್ಲ ಕೊಟ್ಟ ದೇವರಿಗೆ ಒಂದು ಕೈ ಮುಗಿಯೋಕಾಗಲ್ವಾ? ನಾವು ನಿನಗೋಸ್ಕರ ಎಷ್ಟು ಒದ್ದಾಡಿದ್ದೀವಿ ಗೊತ್ತಾ?" ಅನ್ನುತ್ತಾರೆ. ಎರಡು ತಿಂಗಳಿಂದ ದಿನಾ ರಾತ್ರಿ ಮೊಬೈಲಿನಲ್ಲಿ ಮೂರು ಒಳ್ಳೆಯ ಸಂಗತಿ ಬರೆಯುತ್ತಿದ್ದೇನೆ. ಬರೆದಷ್ಟೂ ನಾನೇ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಭಕ್ತಿ ಇಲ್ಲದ್ದಕ್ಕೇ ಹೀಗಾಗುತ್ತಿದೆಯಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಇಲ್ಲ ಕಣಮ್ಮಾ. ನಿನ್ನ ಪತ್ರದಲ್ಲಿ ನನಗೆ ಕಂಡಿದ್ದು ಭಕ್ತಿಯ ಕೊರತೆ ಅಲ್ಲ, ಹಂಗಿನ ಭಾರ. ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಸರಿಯಾದ ಮಾತಿದೆ ನೋಡು. 'ಹಂಗಿನ ಅರಮನೆಗಿಂತ ವಿಂಗಡದ ಗುಡಿಸಲು ಲೇಸು' ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ವಾಟ್ಕಿನ್ಸ್ ಮತ್ತು ಜೊತೆಗಾರರು 2006ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಉಪಕಾರ ಮಾಡಿದವರು ವಾಪಸ್ ಏನಾದರೂ ಬಯಸುತ್ತಿದ್ದಾರೆ ಅನ್ನಿಸಿದಷ್ಟೂ ಪಡೆದವರಲ್ಲಿ ಹಂಗು ಜಾಸ್ತಿಯಾಗಿ, ಕೃತಜ್ಞತೆ ಕಡಿಮೆಯಾಗುತ್ತಾ ಹೋಯಿತು. ಅಮ್ಮ ಫೋನಿನಲ್ಲಿ ಆ ಮಾತು ಹೇಳಿದ ರಾತ್ರಿಯೇ ನೀನು ಬರೆಯಲು ಕೂತರೆ ಅದು ಬಾಕಿ ಲೆಕ್ಕ ಬರೆದ ಹಾಗೇ ಆಗುತ್ತದೆ, ಅಲ್ವಾ?

ಅಮ್ಮನದೂ ತಪ್ಪಲ್ಲ. ದೂರ ಇರುವ ಮಗಳು 'ಸಮಾಧಾನ ಇಲ್ಲ' ಅಂದರೆ ಹೆದರಿಕೆ ಆಗುತ್ತದೆ, ಆ ಹೆದರಿಕೆ ಬಾಯಿಂದ ಬರುವಾಗ ಬೈಗುಳದ ಹಾಗೆ ಬರುತ್ತದೆ.

ಇನ್ನು ಬರೆಯುವ ವಿಷಯ. ಈ ಅಭ್ಯಾಸ ಸುಳ್ಳಲ್ಲ. 2003ರಲ್ಲಿ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲಾ ಕಾಲೇಜು ಹುಡುಗ ಹುಡುಗಿಯರಿಂದ ಹತ್ತು ವಾರ ಬರೆಸಿದರು. ಉಪಕಾರಗಳನ್ನು ನೆನೆದು ಬರೆದವರಿಗೆ ತಮ್ಮ ಬದುಕಿನ ಬಗ್ಗೆ, ಕಿರಿಕಿರಿಗಳನ್ನು ಬರೆದವರಿಗಿಂತ ಒಳ್ಳೆಯ ಭಾವನೆ ಇತ್ತು. ಆದರೆ ಅವರು ಬರೆದಿದ್ದು ವಾರಕ್ಕೆ ಒಂದೇ ಸಲ! ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯೂಬೊಮಿರ್ಸ್ಕಿ ತಂಡದ ಪ್ರಯೋಗದಲ್ಲೂ ವಾರಕ್ಕೊಮ್ಮೆ ಬರೆದವರಿಗೆ ಸಂತೋಷ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರಿಗೆ ಹೆಚ್ಚಲಿಲ್ಲ. ನೀನು ದಿನಾ ಬರೆಯುತ್ತಿದ್ದೀಯ, ಅದೂ ನಿದ್ದೆಗೆ ಕಣ್ಣು ಎಳೆಯುವ ಹೊತ್ತಿಗೆ. ಅದನ್ನು ಇವತ್ತೇ ನಿಲ್ಲಿಸು. ಭಾನುವಾರ ಒಂದು ಸಲ ಸಾಕು. 'ಊಟ, ಕೆಲಸ, ಅಪ್ಪ ಅಮ್ಮ' ಅಂತ ಪಟ್ಟಿ ಮಾಡಬೇಡ. ಜ್ವರ ಬಂದಾಗ ಪಕ್ಕದ ರೂಮಿನವಳು ಗಂಜಿ ಮಾಡಿ ತಂದುಕೊಟ್ಟಿದ್ದರೆ ಅದೊಂದನ್ನೇ ಬರಿ. ಅವಳು ಏನಂದಳು, ಆಗ ನಿನಗೆ ಹೇಗನ್ನಿಸಿತು, ಅಷ್ಟನ್ನೂ ಬರಿ. ಆಮೇಲೆ ಅದನ್ನು ಅವಳಿಗೇ ಓದಿ ಹೇಳು. ನಾಚಿಕೆ ಆಗುತ್ತದೆ, ಆಗಲಿ.

ದೇವರ ಮಾತಿಗೆ ಬರೋಣ. ದೇವಸ್ಥಾನ, ಚರ್ಚು ಅಂತ ಹೋಗುವವರಿಗೆ ಬದುಕಿನ ತೃಪ್ತಿ ಜಾಸ್ತಿ ಅಂತ ಎಷ್ಟೋ ಅಧ್ಯಯನಗಳು ಹೇಳುತ್ತವೆ. ಯಾಕೆ ಅಂತ ಸಮಾಜದ ಅಧ್ಯಯನ ಮಾಡುವ ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ ಅಮೆರಿಕದಲ್ಲಿ ಹುಡುಕಿದರು. 2010ರಲ್ಲಿ ಅವರು ಬರೆದ ಪ್ರಕಾರ, ಮುಖ್ಯವಾದದ್ದು ಅಲ್ಲಿ ಸಿಗುವ ಸ್ನೇಹಿತರು. ಇದನ್ನು ಓದಿದಾಗ ನನಗೆ ನಿಮ್ಮ ಕಡೆಯ ಭೂಮಿ ಹುಣ್ಣಿಮೆ ಹಬ್ಬ ನೆನಪಾಯಿತು. ರಾತ್ರಿಯೆಲ್ಲ ಅಡುಗೆ, ಬೆಳಗಿನ ಜಾವ ಮನೆಮಂದಿಯೆಲ್ಲ ಗದ್ದೆಗೆ ಹೋಗುವುದು, ಬಸುರಿ ಭೂಮಿತಾಯಿಗೆ ಚರಗ, ಅಂದರೆ ಎಡೆಯ ಅಡುಗೆ, ಬೀರುವುದು, ಅಲ್ಲೇ ಕೂತು ಊಟ. ಅಲ್ಲಿ ಯಾರೂ ನಿನ್ನನ್ನು 'ಕೃತಜ್ಞತೆ ಇದೆಯಾ' ಅಂತ ಕೇಳುತ್ತಿರಲಿಲ್ಲ, ಚರಗದ ಬುಟ್ಟಿ ಹಿಡಿದುಕೊಂಡರೆ ಸಾಕಿತ್ತು. ನೀನು ಕಳೆದುಕೊಂಡಿದ್ದು ದೇವರನ್ನಲ್ಲ, ಆ ಬುಟ್ಟಿ ಹಿಡಿಯುವ ಜೊತೆಯನ್ನು ಅಂತ ನನಗನ್ನಿಸುತ್ತದೆ. ಭಜನೆ ಗುಂಪೋ, ಭಾನುವಾರ ಮಕ್ಕಳಿಗೆ ಪಾಠ ಹೇಳುವ ಗುಂಪೋ, ಬೆಂಗಳೂರಿನಲ್ಲಿ ಯಾವುದಾದರೂ ಒಂದಕ್ಕೆ ಸೇರು. ನಂಬಿಕೆ ಎಷ್ಟಿದೆ ಅಂತ ಆಮೇಲೆ ಯೋಚಿಸಬಹುದು. ಈ ಸಲ ಭೂಮಿ ಹುಣ್ಣಿಮೆಗೆ ರಜ ಹಾಕಿ ಊರಿಗೂ ಹೋಗು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆಫೀಸಿನಲ್ಲಿ ಅನ್ಯಾಯ ಆಗುತ್ತಿದ್ದರೆ 'ಕೆಲಸ ಇರುವುದೇ ಪುಣ್ಯ' ಅಂತ ನುಂಗಿಕೊಳ್ಳಬೇಡ. ಎರಡು ವಾರದಿಂದ ನಿದ್ದೆ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಬರೆಯುವುದೂ ಬೇಡ, ಪೂಜೆಗೂ ಕಾಯಬೇಡ. 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.